ಮಕ್ಕಳ ಚಪ್ಪಟೆ ಪಾದ: ಮಂಡ್ಯ ಸೀಮೆಯ ನಾಲ್ಕು ತಾಲ್ಲೂಕುಗಳಲ್ಲಿ ಒಂದು ಚಿಕಿತ್ಸೆಯ ಚರಿತ್ರೆ

ಮಗು ನೆಟ್ಟಗೆ ನಿಂತಾಗ ಅಂಗಾಲಿನ ಒಳಬದಿಯೂ ನೆಲಕ್ಕೆ ತಾಗಿ, ಅಲ್ಲಿ ಕಾಣಬೇಕಾದ ಕಮಾನು ಕಾಣದೆ ಹೋದರೆ ಅದನ್ನು ಚಪ್ಪಟೆ ಪಾದ ಎನ್ನುತ್ತಾರೆ. ಹಿಂದಿನಿಂದ ನೋಡಿದರೆ ಹಿಮ್ಮಡಿ ಹೊರಕ್ಕೆ ವಾಲಿರುತ್ತದೆ, ಒಳಗಿಣ್ಣು ಕೆಳಕ್ಕೆ ಜಗ್ಗಿರುತ್ತದೆ, ಚಪ್ಪಲಿಯ ಒಳ ಅಂಚು ಬೇಗ ಸವೆಯುತ್ತದೆ. ಒಂದು ಪಾದದಲ್ಲಿ 26 ಮೂಳೆಗಳಿವೆ. ಅವು ಕಮಾನಾಗಿ ನಿಲ್ಲುವುದಕ್ಕೆ ಮೂಳೆಗಳ ಜೋಡಣೆಯ ಜೊತೆಗೆ ಇನ್ನೂ ಕೆಲವು ಆಸರೆಗಳು ಬೇಕು: ಹಿಮ್ಮಡಿಯಿಂದ ಬೆರಳುಗಳ ಬುಡದವರೆಗೆ ಅಡಿಯಲ್ಲಿ ಬಿಗಿದಿರುವ ಗಟ್ಟಿ ಪೊರೆ, ಮೂಳೆ ಮೂಳೆಯನ್ನು ಹಿಡಿದಿರುವ ಅಸ್ಥಿರಜ್ಜುಗಳು, ಮೀನಖಂಡದ ಆಳದಿಂದ ಇಳಿದು ಪಾದದ ಒಳಬದಿಗೆ ಅಂಟಿಕೊಳ್ಳುವ ಸ್ನಾಯು. ಹುಟ್ಟಿದ ಕೂಸಿನಲ್ಲಿ ಇವೆಲ್ಲ ಸಡಿಲ. ಪಾದದ ಮೂಳೆಗಳ ಬಹುಭಾಗ ಇನ್ನೂ ಮೃದ್ವಸ್ಥಿಯಾಗಿಯೇ ಇರುತ್ತದೆ, ಅಂಗಾಲಿನ ನಡುವೆ ಕೊಬ್ಬು ತುಂಬಿರುತ್ತದೆ. ಆದ್ದರಿಂದ ಅಂಬೆಗಾಲು ಬಿಟ್ಟು ಹೆಜ್ಜೆಯಿಡುವ ಬಹುಪಾಲು ಎಲ್ಲ ಮಕ್ಕಳ ಪಾದವೂ ಚಪ್ಪಟೆಯೇ. ಕಮಾನು ತಾನಾಗಿ ಮೇಲೇಳುವುದು ಮುಂದಿನ ವರ್ಷಗಳಲ್ಲಿ, ಹೆಚ್ಚಾಗಿ ಹತ್ತು ವರ್ಷ ತುಂಬುವುದರೊಳಗೆ.

ಈ ಒಂದು ಸಂಗತಿ ತಿಳಿಯದೆ ಲೋಕದ ಎಷ್ಟೋ ಮಕ್ಕಳು ಪಾದ ತಿದ್ದುವ ಭಾರದ ಬೂಟು ಹೊತ್ತು ನಡೆದರು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳಿಗೆ ಆ ಬೂಟು ತಡವಾಗಿ ಬಂತು. ಅಲ್ಲಿಯವರೆಗೆ ಇಲ್ಲಿನ ಮಕ್ಕಳು ಬರಿಗಾಲಲ್ಲಿ ಬೆಳೆದರು. ಬರಿಗಾಲಿಗೂ ಚಪ್ಪಟೆ ಪಾದಕ್ಕೂ ಇರುವ ನಂಟನ್ನು ಜಗತ್ತಿಗೆ ಅಂಕಿಅಂಶಗಳಲ್ಲಿ ತೋರಿಸಿದವರು ಕರ್ನಾಟಕದ ವೈದ್ಯರೇ ಎಂಬುದರಿಂದ ಈ ಸೀಮೆಯ ಪಾದಗಳ ಚರಿತ್ರೆಗೆ ಹೆಚ್ಚಿನ ಅರ್ಥವಿದೆ.

ಪಾದದ ಆಕಾರವನ್ನು ಗಮನಿಸುವ ಅಭ್ಯಾಸ ಆಸ್ಪತ್ರೆಗಳಿಗಿಂತ ಬಹಳ ಹಳೆಯದು. ಆರನೇ ಶತಮಾನದ ವರಾಹಮಿಹಿರ ಬೃಹತ್ಸಂಹಿತೆಯಲ್ಲಿ ಅರಸನಾಗುವವನ ಪಾದ ಆಮೆಯ ಬೆನ್ನಿನಂತೆ ಉಬ್ಬಿರಬೇಕೆಂದು ಹೇಳಿದ್ದಾನೆ. ಇಂಥ ಸಾಮುದ್ರಿಕದ ನಂಬಿಕೆ ಹಳ್ಳಿಹಳ್ಳಿಗೂ ಇಳಿಯಿತು. ಹೆಣ್ಣು ನೋಡುವ ಶಾಸ್ತ್ರದಲ್ಲಿ ಹುಡುಗಿಯ ನಡಿಗೆಯನ್ನೂ ಒದ್ದೆ ಹೆಜ್ಜೆಯ ಅಚ್ಚನ್ನೂ ಹಿರಿಯರು ಓರೆಗಣ್ಣಿನಲ್ಲಿ ನೋಡುತ್ತಿದ್ದುದು ಈ ನಂಬಿಕೆಯಿಂದಲೇ. ಅಂಗಾಲು ಪೂರ್ತಿ ಮೂಡಿದರೆ ಮನೆಗೆ ಆಗಿಬರುವುದಿಲ್ಲ ಎಂಬ ಮಾತಿನಿಂದ ಎಷ್ಟೋ ಹೆಣ್ಣುಮಕ್ಕಳು ನೊಂದಿದ್ದಾರೆ. ಅದೇ ನಾಡಿನ ಬೌದ್ಧ ಪರಂಪರೆ ಇದಕ್ಕೆ ತದ್ವಿರುದ್ಧ. ಬುದ್ಧನ 32 ಮಹಾಪುರುಷ ಲಕ್ಷಣಗಳಲ್ಲಿ ಮೊದಲನೆಯದೇ ನೆಲಕ್ಕೆ ಸಮನಾಗಿ ಊರುವ ಅಂಗಾಲು. ಒಂದೇ ಬಗೆಯ ಪಾದ ಒಂದು ಗ್ರಂಥದಲ್ಲಿ ಕುಂದಾಗಿ, ಇನ್ನೊಂದರಲ್ಲಿ ಮಹಿಮೆಯಾಗಿ ಕಂಡಿದೆ ಎಂದರೆ ಶಕುನಕ್ಕೂ ಪಾದದ ಕಸುವಿಗೂ ಸಂಬಂಧವಿಲ್ಲ ಎಂದೇ ತಿಳಿಯಬೇಕು.

ಮೇಲುಕೋಟೆ ಪಾಂಡವಪುರ ತಾಲ್ಲೂಕಿನಲ್ಲಿದೆ. ಕೃಷ್ಣಜಯಂತಿಯ ದಿನ ಅಲ್ಲಿನ ವೈಷ್ಣವ ಮನೆಗಳಲ್ಲಿ ಹೊಸ್ತಿಲಿನಿಂದ ದೇವರ ಕೋಣೆಯವರೆಗೆ ಪುಟ್ಟ ಕೃಷ್ಣನ ಹೆಜ್ಜೆ ಮೂಡಿಸುತ್ತಾರೆ. ಹೆಂಗಸರು ಮುಷ್ಟಿ ಬಿಗಿದು, ಕಿರುಬೆರಳಿನ ಕಡೆಯ ಅಂಚನ್ನು ಅಕ್ಕಿಹಿಟ್ಟಿನ ನೀರಿನಲ್ಲಿ ಅದ್ದಿ ನೆಲಕ್ಕೆ ಒತ್ತಿ, ಮೇಲೆ ಬೆರಳ ತುದಿಯಿಂದ ಐದು ಚುಕ್ಕಿ ಇಡುತ್ತಾರೆ. ಮುಷ್ಟಿಯ ಅಂಚು ಒಳಬಾಗಿರುವುದರಿಂದ ಆ ಹೆಜ್ಜೆಗೆ ಚೆಂದದ ಕಮಾನು ತಾನಾಗಿ ಬರುತ್ತದೆ. ಅದೇ ಮನೆಯ ಎರಡು ವರ್ಷದ ಕೂಸು ಒದ್ದೆ ಕಾಲಲ್ಲಿ ಪಕ್ಕದಲ್ಲೇ ನಡೆದು ಹೋದರೆ ಮೂಡುವುದು ಒಳಬಾಗಿಲ್ಲದ, ದುಂಡನೆಯ, ತುಂಬಿದ ಅಚ್ಚು. ಒದ್ದೆ ಪಾದದ ಅಚ್ಚು ನೋಡುವುದು ಇಂದಿಗೂ ಮೂಳೆ ವೈದ್ಯರ ಪರೀಕ್ಷೆಗಳಲ್ಲಿ ಒಂದು. ಸಮೀಕ್ಷೆಗಳಲ್ಲಿ ಅದೇ ಅಚ್ಚನ್ನು ಶಾಯಿ ಹಚ್ಚಿ ಕಾಗದದ ಮೇಲೆ ತೆಗೆದು, ನಡುಭಾಗದ ಅಗಲವನ್ನು ಅಳೆಯುತ್ತಾರೆ.

ಈ ನಾಲ್ಕು ತಾಲ್ಲೂಕುಗಳ ನೆಲ ಒಂದೇ ಬಗೆಯದಲ್ಲ. ಶ್ರೀರಂಗಪಟ್ಟಣವೂ ಪಾಂಡವಪುರದ ದಕ್ಷಿಣ ಭಾಗವೂ ಕಾವೇರಿಯ ಹಳೆಯ ನಾಲೆಗಳು ಹರಿಯುವ ಗದ್ದೆ ಬಯಲು. ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಶುರುವಾಗಿ 1930ರ ದಶಕದ ಆರಂಭದಲ್ಲಿ ಮುಗಿದ ಮೇಲೆ, ಈಗ ವಿಶ್ವೇಶ್ವರಯ್ಯ ನಾಲೆ ಎನ್ನುವ ಇರ್ವಿನ್ ನಾಲೆಯಿಂದ ಬತ್ತ ಮತ್ತು ಕಬ್ಬಿನ ಬಯಲು ಇನ್ನಷ್ಟು ಹರಡಿತು. ಹಿಂದೆ ಅತ್ತಿಕುಪ್ಪೆ ಎಂಬ ಹೆಸರಿದ್ದ ಕೆ.ಆರ್. ಪೇಟೆಗೆ ಹೇಮಾವತಿಯ ಆಸರೆ ಇದೆ. ನಾಗಮಂಗಲ ಬಹುಮಟ್ಟಿಗೆ ಕೆಮ್ಮಣ್ಣು, ಕಲ್ಲು, ಕೆರೆ, ರಾಗಿಹೊಲ. ಎಲ್ಲ ಕಡೆಯೂ ಕೆಲಸ ಮಾತ್ರ ಬರಿಗಾಲಿನದೇ ಆಗಿತ್ತು. ಕೆಸರುಗದ್ದೆಯಲ್ಲಿ ನಾಟಿ ಹಾಕುವವರಿಗೆ ಎಕ್ಕಡ ಮೆಟ್ಟಲು ಬರುವುದಿಲ್ಲ. ಕಣದಲ್ಲಿ ರಾಶಿಯ ಮುಂದೆ ಮೆಟ್ಟುವಂತಿಲ್ಲ. ದೇವಸ್ಥಾನ, ಮನೆಯೊಳಗು, ಅಡುಗೆಮನೆ ಎಲ್ಲೂ ಇಲ್ಲ. ಹೊಲದ ಬದುವಿನ ಮೇಲೆ ಜಾರದಂತೆ ನಡೆಯಲು ಕಾಲ್ಬೆರಳು ಮಣ್ಣನ್ನು ಕಚ್ಚಿ ಹಿಡಿಯಬೇಕು. ಕುಂಟೆಬಿಲ್ಲೆ ಆಡುವಾಗ ಒಂಟಿಗಾಲಲ್ಲಿ ನೆಗೆಯಬೇಕು. ಮರಕೋತಿ ಆಟದಲ್ಲಿ ಅಂಗಾಲೇ ಕೊಂಬೆಯನ್ನು ತಬ್ಬಬೇಕು. ಇಂದು ಭೌತಚಿಕಿತ್ಸಕರು ಚಪ್ಪಟೆ ಪಾದದ ಮಕ್ಕಳಿಗೆ ಹೇಳಿಕೊಡುವ ತುದಿಗಾಲ ನಡಿಗೆ, ಬೆರಳಿನಿಂದ ಬಟ್ಟೆ ಎಳೆಯುವುದು, ಒಂಟಿಗಾಲ ನಿಲುವು ಇವೆಲ್ಲ ಆ ದಿನಗಳಲ್ಲಿ ಮಕ್ಕಳ ಆಟವಾಗಿದ್ದವು.

ಎಕ್ಕಡ ಇರಲೇ ಇಲ್ಲವೆಂದಲ್ಲ. ಊರೂರಿನ ಆಯಗಾರರ ಸಾಲಿನಲ್ಲಿ ಚರ್ಮದ ಕೆಲಸದವರೂ ಇದ್ದರು. ಮಾದಿಗ ಸಮುದಾಯದವರು ತಂಗಡಿ ತೊಗಟೆಯಲ್ಲಿ ತೊಗಲು ಹದಮಾಡಿ, ಬಾರುಕೋಲು, ಕಪಿಲೆಯ ಬಾನಿ, ಎಕ್ಕಡಗಳನ್ನು ಮಾಡಿಕೊಟ್ಟು ಸುಗ್ಗಿಯಲ್ಲಿ ಆಯದ ಕಾಳು ಪಡೆಯುತ್ತಿದ್ದರು. ಆ ಎಕ್ಕಡ ಬೆಳೆದ ಗಂಡಸಿನದು. ಮುಳ್ಳಿನ ದಾರಿಗೆ, ದೂರದ ಸಂತೆಗೆ, ರಾತ್ರಿ ನೀರು ಕಟ್ಟುವುದಕ್ಕೆ ಬಳಕೆಯಾಗುತ್ತಿತ್ತು. ದಿನದಿನವೂ ಬೆಳೆಯುವ ಮಕ್ಕಳ ಕಾಲಿಗೆ ಯಾರೂ ಜೋಡು ಹೊಲಿಸುತ್ತಿರಲಿಲ್ಲ. ಹೆಂಗಸರಲ್ಲಿ ಬಹಳ ಮಂದಿ ಬದುಕಿಡೀ ಮೆಟ್ಟಲಿಲ್ಲ. ಎಲ್ಲರ ಕಾಲಿಗೂ ಎಕ್ಕಡ ಹೊಲಿದುಕೊಟ್ಟವರೇ ಮೇಲ್ಜಾತಿಯವರ ಬೀದಿಯಲ್ಲಿ ಅದನ್ನು ಕೈಯಲ್ಲಿ ಹಿಡಿದು ನಡೆಯಬೇಕಿತ್ತು. ಬರಿಗಾಲು ಪಾದಕ್ಕೆ ಒಳ್ಳೆಯದು ಎಂದು ವೈದ್ಯಶಾಸ್ತ್ರ ಈಗ ಹೇಳುವಾಗ ಈ ಅವಮಾನದ ಚರಿತ್ರೆಯನ್ನು ಮರೆಯುವಂತಿಲ್ಲ. ಇಲ್ಲಿ ಬಹಳ ಜನರಿಗೆ ಬರಿಗಾಲು ತಾವಾಗಿ ಆರಿಸಿಕೊಂಡದ್ದಾಗಿರಲಿಲ್ಲ.

ಮನೆಯೊಳಗಿನ ಆರೈಕೆ ಕೂಸು ಹುಟ್ಟಿದ ಕೆಲವು ದಿನಗಳಲ್ಲೇ ಶುರುವಾಗುತ್ತಿತ್ತು. ಬಾಣಂತನಕ್ಕೆ ಬಂದ ಅಜ್ಜಿಯೋ ಎರೆಯುವುದರಲ್ಲಿ ಕೈ ಪಳಗಿದ ಮುದುಕಿಯೋ ಬಚ್ಚಲಲ್ಲಿ ಮಣೆಯ ಮೇಲೆ ಕೂತು, ಎರಡೂ ಕಾಲು ನೀಳವಾಗಿ ಚಾಚಿ, ಮೊಣಕಾಲಿನ ಕೆಳಗೆ ಕೂಸನ್ನು ಮಲಗಿಸಿಕೊಳ್ಳುತ್ತಾಳೆ. ಹರಳೆಣ್ಣೆಯನ್ನು ಕೈಗೆ ಸುರಿದುಕೊಂಡು ತೊಡೆಯಿಂದ ಹಿಮ್ಮಡಿಯವರೆಗೆ ನೀವುತ್ತಾಳೆ. ಬಲಗೈಯನ್ನು ಎಡಗಾಲಿಗೆ, ಎಡಗೈಯನ್ನು ಬಲಗಾಲಿಗೆ ಸೇರಿಸಿ ಮಡಿಸುತ್ತಾಳೆ. ಕಡೆಗೆ ಅಂಗಾಲಿನ ನಡುವೆ ಹೆಬ್ಬೆರಳು ಊರಿ ಹಿಮ್ಮಡಿಯಿಂದ ಬೆರಳಿನ ಕಡೆಗೆ ತೀಡುತ್ತಾಳೆ. ಬಿಸಿನೀರು, ಸಾಂಬ್ರಾಣಿ ಹೊಗೆ, ಆಮೇಲೆ ನಿದ್ದೆ. ಕಾಲು ಸೊಟ್ಟಗಾಗಬಾರದು, ಪಾದ ತಿದ್ದಿದಂತಿರಬೇಕು ಎಂಬುದು ಈ ತೀಡುವಿಕೆಯ ಆಶಯ. ತೀಡಿದ್ದರಿಂದ ಕಮಾನು ಬಂತು ಎನ್ನುವುದಕ್ಕೆ ಆಧಾರವಿಲ್ಲ, ಅದು ಹೇಗಿದ್ದರೂ ಬರುತ್ತಿತ್ತು. ಆದರೆ ದಿನವೂ ಕೂಸಿನ ಕೈಕಾಲನ್ನು ಹಿಡಿದು ನೋಡುತ್ತಿದ್ದ ಆ ಮುದುಕಿಯರು ಒಳಕ್ಕೆ ತಿರುಗಿದ ಪಾದವನ್ನೂ ಅಲುಗದ ಕೀಲನ್ನೂ ಎಲ್ಲರಿಗಿಂತ ಮೊದಲು ಗುರುತಿಸುತ್ತಿದ್ದರು. ಅದು ಚಿಕ್ಕ ಮಾತಲ್ಲ.

ಮೂಳೆ ಕಟ್ಟುವ ನಾಟಿ ವೈದ್ಯರು ಈ ಸೀಮೆಯಲ್ಲಿ ಹಿಂದೆ ಎಲ್ಲೆಡೆ ಇದ್ದರು, ಈಗಲೂ ಇದ್ದಾರೆ. ಮೊಟ್ಟೆಯ ಲೋಳೆ, ಉದ್ದಿನ ಹಿಟ್ಟು, ಬಿದಿರಿನ ದಬ್ಬೆ, ಬಟ್ಟೆಪಟ್ಟಿ ಅವರ ಸಾಮಗ್ರಿ. ಮುರಿದ ಕೈಕಾಲು, ಉಳುಕಿದ ಹರಡು ಅವರ ಕೆಲಸದ ಎಲ್ಲೆ. ನೋವಿಲ್ಲದ ಚಪ್ಪಟೆ ಪಾದವನ್ನು ಹಿಡಿದುಕೊಂಡು ಅವರ ಬಳಿಗೆ ಹೋಗುವ ಕಾರಣವೇ ಇರಲಿಲ್ಲ. ಉಳಬಲ್ಲ, ಹೊರೆ ಹೊರಬಲ್ಲ, ಬೆಟ್ಟ ಹತ್ತಬಲ್ಲ ಕಾಲನ್ನು ಹಳ್ಳಿ ರೋಗವೆಂದು ಎಣಿಸಲಿಲ್ಲ.

ಅದನ್ನು ದೋಷವೆಂದು ಮೊದಲು ಬರೆದಿಟ್ಟದ್ದು ಸೈನ್ಯ. ಟಿಪ್ಪು ಕಾಲದಲ್ಲಿ ಫ್ರೆಂಚ್ ಸಿಪಾಯಿಗಳು ಬೀಡುಬಿಟ್ಟಿದ್ದ ಹಿರೋಡೆಯ ಬಂಡೆಗಳ ಬುಡಕ್ಕೆ ಬ್ರಿಟಿಷರು ಫ್ರೆಂಚ್ ರಾಕ್ಸ್ ಎಂದು ಹೆಸರಿಟ್ಟರು. ಇಂದಿನ ಪಾಂಡವಪುರ ಅದೇ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, 19ನೇ ಶತಮಾನದ ಬಹುಕಾಲ ಅಲ್ಲಿ ಮದ್ರಾಸು ಸೈನ್ಯದ ದೇಶೀಯ ಕಾಲಾಳು ಪಡೆಯೊಂದು ನೆಲೆಸಿತ್ತು. ಬ್ರಿಟಿಷ್ ಸೈನ್ಯದಲ್ಲಿ ಭರ್ತಿಗೆ ಬಂದವರ ಎದೆ, ಕಣ್ಣು, ಹಲ್ಲುಗಳ ಜೊತೆಗೆ ಪಾದವನ್ನೂ ನೋಡಿ, ಚಪ್ಪಟೆಯಾಗಿದ್ದರೆ ಹಿಂದಕ್ಕೆ ಕಳಿಸುವುದು ರೂಢಿಗೆ ಬಂತು. ದಿನಗಟ್ಟಲೆ ಬೂಟು ತೊಟ್ಟು ಹೆಜ್ಜೆ ಹಾಕುವವನ ಪಾದ ಸೋಲಬಾರದು ಎಂಬುದು ಅದರ ಹಿಂದಿನ ಯೋಚನೆ. ಭಾರತೀಯ ಸೇನೆಯ ಭರ್ತಿಯಲ್ಲಿ ಇಂದಿಗೂ ಈ ಪರೀಕ್ಷೆ ಉಳಿದಿದೆ. ಆದರೆ ತುದಿಗಾಲಲ್ಲಿ ನಿಂತಾಗ ಕಮಾನು ಮರಳಿ ಕಂಡು, ಪಾದ ಮೆದುವಾಗಿ, ನೋವಿಲ್ಲದೆ ಓಡಬಲ್ಲವನಾದರೆ ತಡೆಯಿಲ್ಲ. ಸೇನೆಗೂ ಪೊಲೀಸ್ ಇಲಾಖೆಗೂ ಸೇರಬೇಕೆಂದು ಬೆಳಗಿನ ಜಾವ ಓಟ ಅಭ್ಯಾಸ ಮಾಡುವ ಮಂಡ್ಯದ ಹುಡುಗರಲ್ಲಿ ಎಷ್ಟೋ ಮಂದಿಗೆ ತಮ್ಮ ಪಾದ ಚಪ್ಪಟೆ ಎಂದು ತಿಳಿಯುವುದೇ ಹದಿನೇಳು ಹದಿನೆಂಟರಲ್ಲಿ, ಭರ್ತಿಯ ಮೈದಾನದಲ್ಲಿ.

ಯುರೋಪು ಮತ್ತು ಅಮೆರಿಕದಲ್ಲಿ ಚಿಕಿತ್ಸೆಯ ಹಾದಿ ಬೇರೆಯಾಗಿಯೇ ಸಾಗಿತ್ತು. ಲಿವರ್‌ಪೂಲಿನ ಹ್ಯೂ ಓವೆನ್ ಥಾಮಸ್ (1834–1891) ತಲೆತಲಾಂತರದಿಂದ ಮೂಳೆ ಕಟ್ಟುತ್ತಿದ್ದ ವೇಲ್ಸಿನ ಮನೆತನದವನು. ತಂದೆ ನಾಟಿ ವೈದ್ಯ, ಮಗ ಓದಿದ ವೈದ್ಯ. ಬೂಟಿನ ಹಿಮ್ಮಡಿಯ ಒಳ ಅಂಚನ್ನು ಸುಮಾರು ಅರ್ಧ ಅಂಗುಲ ಮುಂದಕ್ಕೆ ಚಾಚಿ ಒಂದಿಷ್ಟು ಎತ್ತರಿಸುವ ಪದ್ಧತಿಗೆ ಇಂದಿಗೂ ಅವನದೇ ಹೆಸರು. ಅವನ ಸೋದರಳಿಯ ರಾಬರ್ಟ್ ಜೋನ್ಸ್ ಅದನ್ನು ಮುಂದುವರಿಸಿದ. ನ್ಯೂಯಾರ್ಕಿನ ರಾಯಲ್ ವಿಟ್‌ಮನ್ 1888ರಲ್ಲಿ 45 ರೋಗಿಗಳ ಅನುಭವವನ್ನು ಪ್ರಕಟಿಸಿದ. ಅಂಗಾಲಿನ ಅಡಿಗೆ ಲೋಹದ ತಗಡನ್ನು ಇಡುವ ವಿಧಾನ ಅವನ ಹೆಸರಿನಲ್ಲಿ ಹರಡಿತು. 1905ರಲ್ಲಿ ಫಿಲ್ ಹಾಫ್‌ಮನ್ ಎಂಬ ಅಮೆರಿಕದ ವೈದ್ಯ ಫಿಲಿಪ್ಪೀನ್ಸ್ ಮತ್ತು ಮಧ್ಯ ಆಫ್ರಿಕಾದ ಬರಿಗಾಲ ಜನರ ಪಾದಗಳನ್ನು ಬೂಟು ತೊಡುವವರ ಪಾದಗಳ ಜೊತೆ ಹೋಲಿಸಿ, ಬೂಟು ಪಾದದ ಸಹಜ ಆಕಾರವನ್ನು ಕೆಡಿಸುತ್ತದೆ ಎಂದು ಬರೆದ. ಆ ಮಾತಿಗೆ ಬಹಳ ವರ್ಷ ಯಾರೂ ಕಿವಿಗೊಡಲಿಲ್ಲ. ಬೂಟು, ತಗಡುಗಳ ವ್ಯಾಪಾರ ಬೆಳೆಯುತ್ತಲೇ ಹೋಯಿತು.

ಮಂಡ್ಯ ಸೀಮೆಗೆ ಪಾದರಕ್ಷೆಯ ಉಪದೇಶ ಬಂದದ್ದು ಕಮಾನಿಗಾಗಿ ಅಲ್ಲ, ಕೊಕ್ಕೆಹುಳುವಿಗಾಗಿ. ಹುಳುವಿನ ಮರಿ ಒದ್ದೆ ಮಣ್ಣಿನಲ್ಲಿ ಬದುಕಿ, ಬರಿಗಾಲಿನ ಚರ್ಮವನ್ನು ಕೊರೆದು ಮೈಯೊಳಗೆ ಸೇರಿ, ಕರುಳಿಗಿಳಿದು ರಕ್ತ ಹೀರುತ್ತದೆ. ಕಾಲ್ಬೆರಳ ಸಂದಿಯ ಕೆರೆತದಿಂದ ಶುರುವಾಗಿ, ರಕ್ತಹೀನತೆಯಿಂದ ಬಿಳಚಿಕೊಂಡ ಮುಖದಲ್ಲಿ ಅದು ಕಾಣಿಸಿಕೊಳ್ಳುತ್ತದೆ. ಬಯಲಲ್ಲೇ ಮಲವಿಸರ್ಜನೆ ನಡೆಯುತ್ತಿದ್ದ ಕಾಲದಲ್ಲಿ, ನಾಲೆಯ ನೀರು ನಿಲ್ಲುವ ನೆಲ ಅದಕ್ಕೆ ಅನುಕೂಲ. ನಾಲೆಯ ಬೆನ್ನಿಗೇ ಮಲೇರಿಯ ಈ ಬಯಲನ್ನು ಹಿಂಡಿತು. 1930ರ ಆಸುಪಾಸಿನಲ್ಲಿ ಮೈಸೂರು ಸರ್ಕಾರ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮಂಡ್ಯದಲ್ಲಿ ಗ್ರಾಮೀಣ ಆರೋಗ್ಯ ಘಟಕವನ್ನು ತೆರೆಯಿತು. ಮಲೇರಿಯ, ಕೊಕ್ಕೆಹುಳು, ಕಕ್ಕಸು, ಕುಡಿಯುವ ನೀರು, ಶಾಲಾ ಮಕ್ಕಳ ತಪಾಸಣೆ ಇವು ಅಂದಿನ ಆರೋಗ್ಯ ಕಾರ್ಯದ ಮುಖ್ಯ ವಿಷಯಗಳು. ಕಾಲಿಗೆ ಏನಾದರೂ ಮೆಟ್ಟಿ ನಡೆಯಿರಿ ಎಂಬುದು ಅಂದಿನಿಂದ ಆರೋಗ್ಯ ಪಾಠದ ಒಂದು ವಾಕ್ಯವಾಯಿತು. ಅದು ಸರಿಯಾದ ಮಾತೇ ಆಗಿತ್ತು. ಕೊಕ್ಕೆಹುಳು, ಧನುರ್ವಾಯು, ಮುಳ್ಳು, ಗಾಜು, ಹಾವು ಇವುಗಳ ಮುಂದೆ ಕಮಾನಿನ ಎತ್ತರ ದೊಡ್ಡ ವಿಚಾರವಲ್ಲ.

ಮೂಳೆ ವೈದ್ಯ ಎಂಬ ಪ್ರತ್ಯೇಕ ಕಸುಬು ಬರಲು ಇನ್ನೂ ಸಮಯ ಹಿಡಿಯಿತು. ಮೈಸೂರು ವೈದ್ಯಕೀಯ ಕಾಲೇಜು 1924ರಲ್ಲಿ ಬೆಂಗಳೂರಿನಲ್ಲಿ ಶುರುವಾಗಿ 1930ರಲ್ಲಿ ಮೈಸೂರಿಗೆ ಬಂತು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆಯವರಿಗೆ ದೊಡ್ಡಾಸ್ಪತ್ರೆ ಎಂದರೆ ಅದರ ಜೊತೆಗಿರುವ ಕೃಷ್ಣರಾಜೇಂದ್ರ ಆಸ್ಪತ್ರೆಯೇ. ಭಾರತದ ಮೂಳೆ ವೈದ್ಯರು ತಮ್ಮದೇ ಸಂಘ ಕಟ್ಟಿಕೊಂಡದ್ದು 1955ರಲ್ಲಿ. ಆ ಕಾಲದಲ್ಲಿ ಮಕ್ಕಳ ಕಾಲಿನ ಚಿಕಿತ್ಸೆ ಎಂದರೆ ಮೊದಲಿಗೆ ಪೋಲಿಯೊ. ಸ್ನಾಯು ಸತ್ತು ಹೊರಕ್ಕೆ ಮಗುಚಿದ ಪಾದಗಳಿಗೆ ಬಾಸ್ಟನ್ನಿನ ಡೇವಿಡ್ ಗ್ರೈಸ್ 1952ರಲ್ಲಿ ವಿವರಿಸಿದ ಶಸ್ತ್ರಕ್ರಿಯೆ ಭಾರತದಲ್ಲೂ ಬಳಕೆಗೆ ಬಂತು. ಹರಡಿನ ಕೆಳಗಿನ ಎರಡು ಮೂಳೆಗಳ ನಡುವೆ ಎಲುಬಿನ ತುಂಡು ಕೂರಿಸಿ ಬೆಸೆಯುವುದು ಅದರ ತಿರುಳು. ಕಬ್ಬಿಣದ ಕ್ಯಾಲಿಪರ್, ಚರ್ಮದ ಪಟ್ಟಿ, ಎತ್ತರದ ಬೂಟು ಇವುಗಳ ಕಾರ್ಯಾಗಾರಗಳು ದೊಡ್ಡಾಸ್ಪತ್ರೆಗಳ ಪಕ್ಕದಲ್ಲಿ ಹುಟ್ಟಿಕೊಂಡದ್ದು ಪೋಲಿಯೊ ಮಕ್ಕಳಿಗಾಗಿ. ನೋವಿಲ್ಲದ ಚಪ್ಪಟೆ ಪಾದದ ಮಕ್ಕಳಿಗೂ ಬೂಟು ಸಿಗತೊಡಗಿದ್ದು ಅದೇ ಕಾರ್ಯಾಗಾರಗಳಿಂದ.

ವೈದ್ಯರ ಚೀಟಿಯಲ್ಲಿ ಇರುತ್ತಿದ್ದ ಮಾತು 'ಸಿ ಅಂಡ್ ಇ ಹೀಲ್'. ಥಾಮಸ್ ಹಿಮ್ಮಡಿಯ ವಂಶದ್ದೇ ಅದು: ಒಳ ಅಂಚು ಡೊಂಕಾಗಿ ಮುಂದಕ್ಕೆ ಚಾಚಿರುತ್ತದೆ. ಒಳಗೆ ಕಮಾನಿನ ಜಾಗಕ್ಕೆ ಚರ್ಮದ್ದೋ ರಬ್ಬರಿನದ್ದೋ ಉಬ್ಬು. ಹರಡಿನ ಮೇಲಿನವರೆಗೆ ಲೇಸು ಬಿಗಿಯುವ ಕರಿಯ ಬೂಟು. ಮಗುವಿನ ಕಾಲು ಬೆಳೆದಂತೆಲ್ಲ ಹೊಸ ಜೊತೆ ಮಾಡಿಸಬೇಕು. ಅಳತೆ ಕೊಡಲು ಒಮ್ಮೆ, ತೊಡಿಸಿ ನೋಡಲು ಒಮ್ಮೆ, ರಿಪೇರಿಗೆ ಮತ್ತೊಮ್ಮೆ ಮೈಸೂರಿಗೋ ಬೆಂಗಳೂರಿಗೋ ಬಸ್ಸು ಹತ್ತಬೇಕು. ಹಳ್ಳಿಯ ಮನೆಯೊಳಗೆ ಬೂಟು ಮೆಟ್ಟುವಂತಿಲ್ಲದ್ದರಿಂದ ಅದು ದಿನದ ಬಹುಪಾಲು ಹೊಸ್ತಿಲಾಚೆ ಬಿದ್ದಿರುತ್ತಿತ್ತು. ಆಟದ ಬಯಲಲ್ಲಿ ಎಲ್ಲರೂ ಬರಿಗಾಲಲ್ಲಿ ಓಡುವಾಗ ಒಬ್ಬ ಮಾತ್ರ ಭಾರದ ಬೂಟಿನಲ್ಲಿ ಹಿಂದೆ ಬೀಳುತ್ತಿದ್ದ. ಎರಡು ಮೂರು ವರ್ಷ ಕಳೆದು ಕಮಾನು ಮೂಡಿದಾಗ ಎಲ್ಲರೂ ಬೂಟಿಗೆ ಕೈಮುಗಿದರು. ಬೂಟು ಇಲ್ಲದೆಯೂ ಅದು ಮೂಡುತ್ತಿತ್ತೇ ಎಂದು ಹೋಲಿಸಿ ನೋಡುವ ವ್ಯವಸ್ಥೆ ಯಾವ ದೇಶದಲ್ಲೂ ಆಗ ಇರಲಿಲ್ಲ.

ಆ ಪ್ರಶ್ನೆಗೆ ಒಂದೊಂದೇ ಉತ್ತರ ಬಂದದ್ದು 20ನೇ ಶತಮಾನದ ಕೊನೆಗೆ. ಕೆನಡಾದ ಹ್ಯಾರಿಸ್ ಮತ್ತು ಬೀತ್ ಎರಡನೇ ಮಹಾಯುದ್ಧದ ಕಾಲದಲ್ಲಿ 3,619 ಸೈನಿಕರ ಪಾದ ಪರೀಕ್ಷಿಸಿ, ಮೆದುವಾದ ಸಾಮಾನ್ಯ ಚಪ್ಪಟೆ ಪಾದ ತೊಂದರೆ ಕೊಡುವುದಿಲ್ಲ, ಹಿಮ್ಮಡಿಯ ಸ್ನಾಯುರಜ್ಜು ಮೋಟಾಗಿದ್ದರೆ ಮಾತ್ರ ನೋವು ತರುತ್ತದೆ ಎಂದು ಆಗಲೇ ತೋರಿಸಿದ್ದರು. 1987ರಲ್ಲಿ ಸಿಯಾಟಲ್‌ನ ಲಿನ್ ಸ್ಟಾಹೇಲಿ ಮತ್ತು ಸಂಗಡಿಗರು ಒಂದು ವರ್ಷದ ಕೂಸಿನಿಂದ ಎಂಬತ್ತರ ಮುದುಕರವರೆಗೆ 441 ಜನರ ಪಾದದ ಅಚ್ಚು ತೆಗೆದು, ಕಮಾನು ಮೊದಲ ದಶಕದಲ್ಲಿ ತಾನಾಗಿ ಬೆಳೆಯುವುದನ್ನು ದಾಖಲಿಸಿದರು. 1989ರಲ್ಲಿ ಡಲ್ಲಾಸಿನ ಡೆನಿಸ್ ವೆಂಗರ್ ತಂಡ ಒಂದರಿಂದ ಆರು ವರ್ಷದ 129 ಮಕ್ಕಳನ್ನು ಗುಂಪು ಮಾಡಿ, ಕೆಲವರಿಗೆ ತಿದ್ದುವ ಬೂಟು, ಕೆಲವರಿಗೆ ಒಳಪಟ್ಟಿ ಕೊಟ್ಟು, ಕೆಲವರಿಗೆ ಏನೂ ಕೊಡದೆ ಮೂರು ವರ್ಷ ನೋಡಿತು. ಕೊನೆಯವರೆಗೆ ಉಳಿದ 98 ಮಕ್ಕಳಲ್ಲಿ ಎಲ್ಲ ಗುಂಪುಗಳ ಪಾದವೂ ಒಂದೇ ರೀತಿ ಸುಧಾರಿಸಿತ್ತು. ಏನೂ ತೊಡದವರಿಗೆ ಯಾವ ನಷ್ಟವೂ ಆಗಿರಲಿಲ್ಲ.

ಕರ್ನಾಟಕದ ಕೊಡುಗೆ ಬರುವುದು ಇದರ ಬೆನ್ನಿಗೆ. ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಉದಯ ಭಾಸ್ಕರ ರಾವ್ ಮತ್ತು ಬೆಂಜಮಿನ್ ಜೋಸೆಫ್ 4ರಿಂದ 13 ವರ್ಷದ 2,300 ಮಕ್ಕಳ ಪಾದದ ಅಚ್ಚು ತೆಗೆದರು. ಬೂಟು ತೊಡುವ ಮಕ್ಕಳೂ ಬರಿಗಾಲ ಮಕ್ಕಳೂ ಒಂದೇ ಸೀಮೆಯಲ್ಲಿ, ಒಂದೇ ಕಾಲದಲ್ಲಿ ದೊಡ್ಡ ಸಂಖ್ಯೆಯಲ್ಲಿ ಸಿಗುವುದು ಪಶ್ಚಿಮದ ದೇಶಗಳಲ್ಲಿ ಸಾಧ್ಯವೇ ಇರಲಿಲ್ಲ, ಇಲ್ಲಿ ಸಾಧ್ಯವಿತ್ತು. 1992ರಲ್ಲಿ ಬ್ರಿಟನ್ನಿನ ಹೆಸರಾಂತ ಮೂಳೆ ವೈದ್ಯಕೀಯ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಪಾದರಕ್ಷೆ ತೊಡುವ ಮಕ್ಕಳಲ್ಲಿ ಚಪ್ಪಟೆ ಪಾದದ ಪ್ರಮಾಣ ಶೇ 8.6, ಬರಿಗಾಲ ಮಕ್ಕಳಲ್ಲಿ ಶೇ 2.8. ಬೆರಳು ಮುಚ್ಚುವ ಬೂಟು ತೊಡುವವರಲ್ಲಿ ಅತಿ ಹೆಚ್ಚು, ಸ್ಯಾಂಡಲ್, ಚಪ್ಪಲಿ ಹಾಕುವವರಲ್ಲಿ ಅದಕ್ಕಿಂತ ಕಡಿಮೆ, ಏನೂ ಮೆಟ್ಟದವರಲ್ಲಿ ಎಲ್ಲಕ್ಕಿಂತ ಕಡಿಮೆ. ಕೀಲುಗಳು ಹುಟ್ಟಿನಿಂದಲೇ ಸಡಿಲವಾಗಿರುವ ಮಕ್ಕಳಲ್ಲಿ ಈ ಅಂತರ ಇನ್ನೂ ಎದ್ದು ಕಾಣುತ್ತಿತ್ತು. 1995ರಲ್ಲಿ ಸಚಿದಾನಂದಂ ಮತ್ತು ಜೋಸೆಫ್, ಮೂಳೆ ಬೆಳವಣಿಗೆ ಮುಗಿದ 1,846 ಜನರನ್ನು ಪರೀಕ್ಷಿಸಿ ಎರಡನೆಯ ವರದಿ ಪ್ರಕಟಿಸಿದರು. ಆರು ವರ್ಷಕ್ಕೆ ಮೊದಲೇ ಪಾದರಕ್ಷೆ ತೊಡಲು ಶುರುಮಾಡಿದವರಲ್ಲಿ ಶೇ 3.24 ಮಂದಿಗೆ, ಆರರಿಂದ ಹದಿನೈದರ ನಡುವೆ ಶುರುಮಾಡಿದವರಲ್ಲಿ ಶೇ 3.27 ಮಂದಿಗೆ, ಹದಿನಾರರ ನಂತರ ಶುರುಮಾಡಿದವರಲ್ಲಿ ಶೇ 1.75 ಮಂದಿಗೆ ಚಪ್ಪಟೆ ಪಾದ ಇತ್ತು. ಮೈಭಾರ ಹೆಚ್ಚಿದ್ದವರಲ್ಲೂ ಪ್ರಮಾಣ ಹೆಚ್ಚು.

ಮಕ್ಕಳ ಪಾದದ ಕುರಿತ ಚರ್ಚೆಗಳಲ್ಲಿ ಈ ಎರಡು ವರದಿಗಳು ಜಗತ್ತಿನ ಎಲ್ಲೆಡೆ ಉಲ್ಲೇಖಗೊಳ್ಳುತ್ತವೆ. ಮಣಿಪಾಲದ ಅಂಕಿಗಳನ್ನು ಓದುವಾಗ ಒಂದು ಎಚ್ಚರ ಬೇಕು. ಅವು ಪಾದರಕ್ಷೆಗೂ ಅಂಗಾಲಿನ ಅಚ್ಚಿಗೂ ಇರುವ ನಂಟನ್ನು ಹೇಳುತ್ತವೆ, ಚಪ್ಪಟೆ ಪಾದದಿಂದ ಎಷ್ಟು ಜನ ನರಳಿದರು ಎಂಬುದನ್ನಲ್ಲ. ಪಾದರಕ್ಷೆ ತೊಡುವವರಲ್ಲೂ ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಮಕ್ಕಳ ಕಮಾನು ಸರಿಯಾಗಿಯೇ ಇತ್ತು ಎಂಬುದನ್ನೂ ಅದೇ ಅಂಕಿ ಹೇಳುತ್ತದೆ. ಆಸ್ಟ್ರಿಯಾದಲ್ಲಿ 3ರಿಂದ 6 ವರ್ಷದ 835 ಮಕ್ಕಳನ್ನು ನೋಡಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೂರು ವರ್ಷದವರಲ್ಲಿ ಶೇ 54, ಆರು ವರ್ಷದವರಲ್ಲಿ ಶೇ 24 ಮಂದಿಗೆ ಮೆದುವಾದ ಚಪ್ಪಟೆ ಪಾದವಿತ್ತು. ನಿಜವಾದ ರೋಗವೆನ್ನಬಹುದಾದದ್ದು ನೂರಕ್ಕೆ ಒಂದಕ್ಕಿಂತ ಕಡಿಮೆ. ಆದರೂ ಸುಮಾರು ಹತ್ತರಲ್ಲಿ ಒಂದು ಮಗು ಕಮಾನಿನ ಪಟ್ಟಿ ತೊಟ್ಟಿತ್ತು.

ಮಣಿಪಾಲದ ವರದಿಗಳು ಬರುವ ಹೊತ್ತಿಗೆ ಮಂಡ್ಯ ಸೀಮೆಯ ಮಕ್ಕಳ ಕಾಲು ಬದಲಾಗುತ್ತಿತ್ತು. ರಬ್ಬರಿನ ಹವಾಯಿ ಚಪ್ಪಲಿ ಸಂತೆಯಿಂದ ಮನೆಮನೆಗೂ ಬಂದಿತ್ತು. ಪಟ್ಟಣದ ಕಾನ್ವೆಂಟುಗಳು ಕರಿಯ ಬೂಟು, ಬಿಳಿ ಕಾಲುಚೀಲವನ್ನು ಸಮವಸ್ತ್ರದ ಭಾಗ ಮಾಡಿದ್ದವು. ಸರ್ಕಾರಿ ಶಾಲೆಯ ಮಗು ಬರಿಗಾಲು, ಖಾಸಗಿ ಶಾಲೆಯ ಮಗು ಬೂಟುಗಾಲು ಎಂಬ ಭೇದ ಬೀದಿಯಲ್ಲೇ ಕಣ್ಣಿಗೆ ರಾಚುವಂತಾಯಿತು. 2015–16ರಲ್ಲಿ ರಾಜ್ಯ ಸರ್ಕಾರ ಒಂದರಿಂದ ಹತ್ತನೇ ತರಗತಿವರೆಗಿನ ಸರ್ಕಾರಿ ಶಾಲಾ ಮಕ್ಕಳಿಗೆ ಒಂದು ಜೊತೆ ಬೂಟು, ಎರಡು ಜೊತೆ ಕಾಲುಚೀಲ ಕೊಡುವ ಯೋಜನೆ ತಂದಾಗ ಜನ ಅದನ್ನು ಶೂ ಭಾಗ್ಯ ಎಂದು ಕರೆದರು. ಎಕ್ಕಡವನ್ನು ಕೈಯಲ್ಲಿ ಹಿಡಿದು ನಡೆದವರ ಮೊಮ್ಮಕ್ಕಳು ಎಲ್ಲರ ಜೊತೆ ಸಾಲಾಗಿ ಬೂಟು ತೊಟ್ಟು ಪ್ರಾರ್ಥನೆಗೆ ನಿಂತದ್ದು ನ್ಯಾಯದ ದೃಷ್ಟಿಯಿಂದ ದೊಡ್ಡ ಹೆಜ್ಜೆ. ಖರೀದಿಯ ಹೊಣೆ ಶಾಲಾಭಿವೃದ್ಧಿ ಸಮಿತಿಗಳದು. ಸ್ಥಳೀಯ ಹವೆಗೆ ತಕ್ಕಂತೆ ಬೂಟಿನ ಬದಲು ಸ್ಯಾಂಡಲ್ ಕೊಡಿಸುವ ಅವಕಾಶವೂ ಮುಂದೆ ಅವಕ್ಕೆ ಸಿಕ್ಕಿತು. ಮಣಿಪಾಲದ ಅಧ್ಯಯನವನ್ನು ಮುಂದಿಟ್ಟು ನೋಡಿದರೆ, ಸೆಕೆಯ ಈ ಬಯಲುಸೀಮೆಯಲ್ಲಿ ಚಿಕ್ಕ ತರಗತಿಯ ಮಕ್ಕಳಿಗೆ ಬೆರಳು ತೆರೆದಿರುವ ಸ್ಯಾಂಡಲ್ಲೇ ಮೇಲು. ಮುಳ್ಳು, ಹುಳುಗಳಿಂದ ಕಾಪಾಡುತ್ತದೆ, ಬೆರಳುಗಳನ್ನು ಕಟ್ಟಿಹಾಕುವುದಿಲ್ಲ.

ಆಸ್ಪತ್ರೆಗಳೂ ಹತ್ತಿರ ಬಂದಿವೆ. ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಬಳಿಯ ಬಿ.ಜಿ. ನಗರದಲ್ಲಿ ಆದಿಚುಂಚನಗಿರಿ ವೈದ್ಯಕೀಯ ಮಹಾವಿದ್ಯಾಲಯ 1986ರಲ್ಲಿ ಆರಂಭವಾಯಿತು. ಮಂಡ್ಯದ ಸರ್ಕಾರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ 2006ರದು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ, ಶಾಲೆಗಳಿಗೆ ಹೋಗಿ ಮಕ್ಕಳನ್ನು ಪರೀಕ್ಷಿಸುತ್ತವೆ. ಅವರ ಪಟ್ಟಿಯಲ್ಲಿ ಹುಟ್ಟಿನಿಂದ ಒಳಕ್ಕೆ ತಿರುಚಿದ ಪಾದ ಇದೆ, ಸೊಂಟದ ಕೀಲಿನ ದೋಷ ಇದೆ, ರಿಕೆಟ್ಸ್ ಇದೆ. ಚಪ್ಪಟೆ ಪಾದ ಇಲ್ಲ. ಅದನ್ನು ಬಿಟ್ಟದ್ದು ಸರಿಯಾದ ತೀರ್ಮಾನ. ತಿರುಚಿದ ಪಾದಕ್ಕೆ ಹುಟ್ಟಿದ ವಾರಗಳಲ್ಲೇ ಪ್ಲಾಸ್ಟರ್ ಶುರುವಾಗಬೇಕು, ತಡಮಾಡಿದರೆ ಮಗು ಬದುಕಿಡೀ ಕುಂಟುತ್ತದೆ. ಮೆದುವಾದ ಚಪ್ಪಟೆ ಪಾದಕ್ಕೆ ಅಂಥ ಅವಸರವಿಲ್ಲ.

ಚಿಕಿತ್ಸೆ ಬೇಕಾದ ಚಪ್ಪಟೆ ಪಾದಗಳೂ ಇವೆ, ಅವುಗಳನ್ನು ಬೇರ್ಪಡಿಸುವುದು ಕಷ್ಟವಲ್ಲ. ಮಗುವನ್ನು ತುದಿಗಾಲಲ್ಲಿ ನಿಲ್ಲಿಸಿದಾಗ, ಇಲ್ಲವೇ ನಿಂತ ಮಗುವಿನ ಹೆಬ್ಬೆರಳನ್ನು ಮೇಲಕ್ಕೆತ್ತಿದಾಗ ಕಮಾನು ಕಂಡರೆ ಪಾದ ಮೆದುವಾಗಿದೆ ಎಂದರ್ಥ. ಹೆಬ್ಬೆರಳಿನ ಪರೀಕ್ಷೆಯನ್ನು ಎವೆನ್ ಜ್ಯಾಕ್ 1953ರಲ್ಲಿ ವಿವರಿಸಿದ. ಆಗಲೂ ಕಮಾನು ಏಳದ ಬಿಗಿ ಪಾದದಲ್ಲಿ ಎರಡು ಮೂಳೆಗಳು ಹುಟ್ಟಿನಿಂದಲೇ ಬೆಸೆದುಕೊಂಡಿರಬಹುದು. ಅಂಗಾಲು ಹೊರಕ್ಕೆ ಉಬ್ಬಿದ ನವಜಾತ ಶಿಶುವಿನಲ್ಲಿ ಹರಡಿನ ಮೂಳೆಯೇ ನೆಟ್ಟಗೆ ನಿಂತಿರಬಹುದು. ಮೆದುಳಿನ ಪಾರ್ಶ್ವವಾಯು, ಸ್ನಾಯು ರೋಗಗಳಲ್ಲೂ ಪಾದ ಹೀಗಾಗುತ್ತದೆ. ಮೆದುವಾಗಿದ್ದೂ ನೋವು ಕೊಡುವ ಪಾದಕ್ಕೆ ಹಿಮ್ಮಡಿಯ ಸ್ನಾಯುರಜ್ಜು ಹಿಗ್ಗಿಸುವ ವ್ಯಾಯಾಮ, ಮೆತ್ತನೆಯ ಒಳಪಟ್ಟಿ ನೆಮ್ಮದಿ ಕೊಡುತ್ತವೆ. ಅವು ಕಮಾನನ್ನು ಕಟ್ಟುವುದಿಲ್ಲ, ನೋವನ್ನು ತಗ್ಗಿಸುತ್ತವೆ. ಇದರಿಂದಲೂ ಬಗ್ಗದ ಕೆಲವೇ ಹದಿಹರೆಯದವರಿಗೆ ಹಿಮ್ಮಡಿ ಮೂಳೆಯ ಹೊರಬದಿಯನ್ನು ಕತ್ತರಿಸಿ ಎಲುಬಿನ ತುಂಡು ಸೇರಿಸಿ ಉದ್ದ ಮಾಡುವ ಶಸ್ತ್ರಕ್ರಿಯೆ ಇದೆ. ವೇಲ್ಸಿನ ಡಿಲ್ವಿನ್ ಎವಾನ್ಸ್ 1975ರಲ್ಲಿ ಅದನ್ನು ಪ್ರಕಟಿಸಿದ, ಸಿಯಾಟಲ್‌ನ ವಿನ್ಸೆಂಟ್ ಮಾಸ್ಕಾ 1995ರಲ್ಲಿ ಅದಕ್ಕೆ ಇಂದಿನ ರೂಪ ಕೊಟ್ಟ.

ಆದ್ದರಿಂದ ಈ ತಾಲ್ಲೂಕುಗಳ ತಂದೆತಾಯಿಗಳು ನೆನಪಿಡಬೇಕಾದ್ದು ಇಷ್ಟು: ಪಾದ ನೋಯುತ್ತಿದ್ದರೆ, ಬಿಗಿಯಾಗಿದ್ದರೆ, ಒಂದೇ ಕಾಲು ಚಪ್ಪಟೆಯಾಗಿದ್ದರೆ, ತುದಿಗಾಲಲ್ಲಿ ನಿಂತಾಗಲೂ ಕಮಾನು ಕಾಣದಿದ್ದರೆ, ಇದ್ದ ಕಮಾನು ಕುಸಿಯುತ್ತ ಹೋದರೆ ಮಗುವನ್ನು ಮಂಡ್ಯದ, ಬಿ.ಜಿ. ನಗರದ ಅಥವಾ ಮೈಸೂರಿನ ಆಸ್ಪತ್ರೆಯ ಮೂಳೆ ವಿಭಾಗಕ್ಕೆ ತಡಮಾಡದೆ ಕರೆದುಕೊಂಡು ಹೋಗಬೇಕು. ಇವೊಂದೂ ಇಲ್ಲದೆ ಓಡಿಯಾಡುತ್ತಿರುವ ಮಗುವಿಗೆ ಸಾಲ ಮಾಡಿ ಬೂಟು, ಪಟ್ಟಿ ಕೊಡಿಸುವ ಅಗತ್ಯವಿಲ್ಲ. ಚೊಕ್ಕಟವಾದ ಅಂಗಳದಲ್ಲಿ, ಮರಳಿನಲ್ಲಿ, ಹುಲ್ಲಿನ ಮೇಲೆ ಅದನ್ನು ಬರಿಗಾಲಲ್ಲಿ ಆಡಲು ಬಿಡಿ.